ಮಾತಿನ ಸಂಕೋಚನ: ನೇರ ಆನ್‌ಲೈನ್ ಪಾಠದಲ್ಲಿ

ಪಾಠ ಹೇಳುವವರ ದನಿಯನ್ನು ಅರ್ಥ ಕೆಡದಂತೆ ಕಡಿಮೆ ದತ್ತಾಂಶಕ್ಕೆ ಇಳಿಸಿ, ಆಗಿಂದಾಗಲೇ ಕೇಳುಗರಿಗೆ ಮುಟ್ಟಿಸುವ ತಂತ್ರ. ಈ ಕೆಲಸ ಮಾಡುವ ವಿಧಾನಕ್ಕೆ ಕೋಡೆಕ್ ಎಂದು ಹೆಸರು. ಚಿತ್ರ ಮಸುಕಾದರೂ ಪಾಠ ಸಾಗುತ್ತದೆ. ಮಾತು ಕಡಿದರೆ ಪಾಠವೇ ನಿಲ್ಲುತ್ತದೆ.

ಹಿನ್ನೆಲೆ

ಕರ್ನಾಟಕದಲ್ಲಿ ದೂರದ ನೇರ ಪಾಠ ಮೊದಲು ಹಬ್ಬಿದ್ದು ಉಪಗ್ರಹದ ಮೂಲಕ. ಇಸ್ರೋ 2004ರ ಸೆಪ್ಟೆಂಬರ್ 20ರಂದು ಹಾರಿಸಿದ ಎಜುಸ್ಯಾಟ್‌ನ ಜಾಲದಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವು ಎಂಜಿನಿಯರಿಂಗ್ ಕಾಲೇಜುಗಳಿಗೆ ಪಾಠ ಬಿತ್ತರಿಸಿತು. ಸುಮಾರು 36,000 ಕಿ.ಮೀ. ಎತ್ತರಕ್ಕೆ ಹೋಗಿ ಇಳಿಯಲು ದನಿಗೆ ಕಾಲು ಸೆಕೆಂಡು ಬೇಕಿತ್ತು. ಸಂಭಾಷಣೆ ಸಹಜವಾಗಿರಲು ಒಂದು ದಿಕ್ಕಿನ ವಿಳಂಬ 150 ಮಿಲಿಸೆಕೆಂಡಿನೊಳಗೆ ಇರಬೇಕೆಂಬುದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸು. ಅಂತರ್ಜಾಲದ ತರಗತಿ ಈ ಮಿತಿಯೊಳಗೆ ಬರಬಲ್ಲದು.

ವೈಟ್‌ಫೀಲ್ಡ್‌ನ ಐಟಿಪಿಎಲ್‌ನಲ್ಲಿ 1999ರಲ್ಲಿ ಶುರುವಾಗಿ ಮುಂದೆ ಎಲೆಕ್ಟ್ರಾನಿಕ್ ಸಿಟಿಗೆ ಬಂದ ಐಐಐಟಿ ಬೆಂಗಳೂರು ಈಗ ಉದ್ಯೋಗಸ್ಥರಿಗೆ ಆನ್‌ಲೈನ್ ಕೋರ್ಸುಗಳನ್ನೂ ನಡೆಸುತ್ತದೆ. 2020ರ ಕೋವಿಡ್ ಕಾಲದಲ್ಲಿ ಆನ್‌ಲೈನ್ ತರಗತಿ ಶಾಲಾ ಮಕ್ಕಳ ಮನೆಗೂ ಬಂತು. ಚಿಕ್ಕ ತರಗತಿಗಳ ಆನ್‌ಲೈನ್ ಪಾಠಕ್ಕೆ ರಾಜ್ಯ ಸರ್ಕಾರ ಹೇರಿದ್ದ ನಿಷೇಧಕ್ಕೆ ಆ ಜುಲೈನಲ್ಲಿ ಹೈಕೋರ್ಟ್ ತಡೆ ನೀಡಿತು.

ಕೆಲಸದ ಬಗೆ

ಹಳೆಯ ಟೆಲಿಫೋನ್ ಪದ್ಧತಿ (ಜಿ.711) ದನಿಯನ್ನು ಸೆಕೆಂಡಿಗೆ 8,000 ಬಾರಿ ಅಳೆದು 64 ಕಿಲೋಬಿಟ್‌ನಲ್ಲಿ ಕಳಿಸುತ್ತದೆ. 2012ರಲ್ಲಿ ಮಾನಕವಾದ ಓಪಸ್ ಎಂಬ ಕೋಡೆಕ್ ಸೆಕೆಂಡಿಗೆ 6ರಿಂದ 510 ಕಿಲೋಬಿಟ್‌ವರೆಗೆ ಹೊಂದಿಕೊಳ್ಳುತ್ತದೆ. 24 ಕಿಲೋಬಿಟ್‌ನಲ್ಲೇ ಮಾತು ತಿಳಿಯಾಗಿ ಕೇಳುತ್ತದೆ. ಆ ಲೆಕ್ಕದಲ್ಲಿ ಒಂದು ಗಂಟೆಯ ಪಾಠ ಸುಮಾರು 11 ಎಂಬಿ. ಸಾಮಾನ್ಯವಾಗಿ 20 ಮಿಲಿಸೆಕೆಂಡಿನ ತುಣುಕಿಗೊಂದು ಪ್ಯಾಕೆಟ್ ಹೊರಡುತ್ತದೆ. ಪ್ರತಿ ಪ್ಯಾಕೆಟ್ಟಿಗೂ 40 ಬೈಟ್ ವಿಳಾಸ-ವಿವರ ಸೇರಿ ಗಂಟೆಗೆ ಇನ್ನೂ ಸುಮಾರು 7 ಎಂಬಿ ಕೂಡುತ್ತದೆ. ಇಷ್ಟಾದರೂ ವಿಡಿಯೋಗೆ ಬೇಕಾದುದರ ಸಣ್ಣ ಪಾಲು ಮಾತ್ರ.

ಕನ್ನಡದ ಧ್ವನಿಗಳು

ಟೆಲಿಫೋನಿನ ಪಟ್ಟಿ 300ರಿಂದ 3,400 ಹರ್ಟ್ಸ್. ಸಕಾರದ ಶಕ್ತಿ ಬಹುಪಾಲು ಅದರ ಮೇಲಿರುವುದರಿಂದ ‘ಸಂಕರ’, ‘ಶಂಕರ’ ಬೆರೆಯುತ್ತವೆ. 7,000 ಹರ್ಟ್ಸ್ ಮುಟ್ಟುವ ಅಗಲ ಪಟ್ಟಿಯಲ್ಲಿ ಅವು ಬೇರ್ಪಡುತ್ತವೆ. ‘ಕತೆ’ ಮತ್ತು ‘ಕತ್ತೆ’ಗಳ ಭೇದ ನಾಲಗೆ ತಡೆದು ನಿಲ್ಲುವ ಹೊತ್ತಿನಲ್ಲಿದೆ. ನಡುವೆ ಪ್ಯಾಕೆಟ್ ಕಳೆದರೆ ವ್ಯಂಜನದ ಸಿಡಿತವೇ ಅಳಿಯಬಹುದು.

ಬೆಂಗಳೂರಿನ ಹೊರವಲಯದ ಸ್ಥಿತಿ

ಪೀಣ್ಯ ಕೈಗಾರಿಕಾ ಪ್ರದೇಶದ ಶೆಡ್ಡುಗಳಲ್ಲಿ ಪ್ರೆಸ್, ಲೇತ್‌ಗಳ ಸದ್ದು. ಪಿಜಿ ಕೋಣೆಗಳಲ್ಲಿ ಬರಿಗೋಡೆಯ ಮಾರ್ದನಿ. ಸದ್ದನ್ನು ಸೋಸುವ ತಂತ್ರಾಂಶ ಕೆಲವೊಮ್ಮೆ ಮೆಲುವಾದ ವ್ಯಂಜನಗಳನ್ನೂ ಸೋಸಿಬಿಡುತ್ತದೆ. ಸಾಮಾನ್ಯ ಬ್ಲೂಟೂತ್ ಹೆಡ್‌ಸೆಟ್‌ನಲ್ಲಿ ಮೈಕ್ ಚಾಲೂ ಆದೊಡನೆ ಹಾಡು ಕೇಳುವಾಗಿನ ಗುಣಮಟ್ಟ ಇಳಿದು, ಹಳೆಯ ಸಾಧನಗಳಲ್ಲಿ ಟೆಲಿಫೋನಿನ ಮಟ್ಟಕ್ಕೇ ಬರುತ್ತದೆ.

ಮೈಕ್‌ನಲ್ಲೇ ಕೆಟ್ಟ ದನಿಯನ್ನು ಯಾವ ಕೋಡೆಕ್ ಕೂಡ ಸರಿಮಾಡಲಾರದು. ವೈರ್ ಇರುವ ಮೈಕನ್ನು ಬಾಯಿಗೆ ಹತ್ತಿರ ಹಿಡಿಯುವುದು, ಕೋಣೆಗೆ ಪರದೆ ಕಟ್ಟುವುದು, ನೆಟ್‌ವರ್ಕ್ ಸೊರಗಿದಾಗ ಮೊದಲು ಕ್ಯಾಮೆರಾ ಆಫ್ ಮಾಡುವುದು — ಅಗ್ಗದ ಡೇಟಾ ಪ್ಯಾಕ್‌ನಲ್ಲಿ ಕಲಿಯುವವರಿಗೂ ಪಾಠ ಪೂರ್ತಿ ತಲುಪಲು ಇವು ಮುಖ್ಯ.