ಮುಖದ ಮೇಲಿನ ಮೂರು ಗೆರೆಗಳು



ಬಲವಾದ ಪೆಟ್ಟು ಬಿದ್ದಾಗ ಮುಖದ ಎಲುಬುಗಳು ಅಡ್ಡಾದಿಡ್ಡಿಯಾಗಿ ಮುರಿಯುತ್ತವೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಆ ಮುರಿತಕ್ಕೂ ಒಂದು ಕ್ರಮವಿದೆಯೆಂದು ತೋರಿಸಿಕೊಟ್ಟವರು ಫ್ರಾನ್ಸಿನ ಲೀಲ್ ನಗರದ ಶಸ್ತ್ರವೈದ್ಯ ರೆನೆ ಲೆ ಫೋರ್ (1869–1951). ಅವರು ಮೃತದೇಹಗಳ ತಲೆಗಳಿಗೆ ಬೇರೆ ಬೇರೆ ದಿಕ್ಕುಗಳಿಂದ ಪೆಟ್ಟು ಕೊಟ್ಟು, ಬಳಿಕ ಚರ್ಮ ಮಾಂಸಗಳನ್ನು ಬಿಡಿಸಿ, ಎಲುಬು ಬಿರಿದ ಜಾಡನ್ನು ಗುರುತಿಸಿದರು. ಕೇಳುವುದಕ್ಕೆ ಕ್ರೂರವೆನಿಸುವ ಈ ಪರಿಶ್ರಮದ ಫಲ 1901ರಲ್ಲಿ ಪ್ರಕಟವಾಯಿತು.

ಅವರು ಕಂಡ ಬಗೆಗಳು ಮೂರು. ಮೊದಲನೆಯದರಲ್ಲಿ ಮೇಲ್ಸಾಲಿನ ಹಲ್ಲುಗಳನ್ನು ಹೊತ್ತ ದವಡೆಯ ಭಾಗ ಅಡ್ಡಲಾಗಿ ಬೇರ್ಪಡುತ್ತದೆ. ಎರಡನೆಯದು ಮೂಗಿನ ಬುಡದಿಂದ ಕಣ್ಣುಗೂಡುಗಳ ಕೆಳ ಅಂಚಿನ ಮೂಲಕ ಗೋಪುರದ ಆಕಾರದಲ್ಲಿ ಇಳಿಯುತ್ತದೆ. ಮೂರನೆಯದರಲ್ಲಿ ಕೆನ್ನೆಯ ಎಲುಬುಗಳ ಸಮೇತ ಮುಖವೇ ತಲೆಬುರುಡೆಯಿಂದ ಕಳಚಿಕೊಳ್ಳುತ್ತದೆ. ಹೊರಗೆ ಗಾಯ ಅಲ್ಪವಾಗಿದ್ದರೂ ಒಳಗಿನ ಮುರಿತ ಘೋರವಾಗಿರಬಹುದು.

ಆದುದರಿಂದ ನಾವು ವೈದ್ಯರು ಕಣ್ಣೊಂದನ್ನೇ ನಂಬುವುದಿಲ್ಲ. ಒಂದು ಕೈಯಿಂದ ಹಣೆಯನ್ನು ಹಿಡಿದು, ಇನ್ನೊಂದರಿಂದ ಮೇಲಿನ ಮುಂಬಲ್ಲುಗಳನ್ನು ಮೆಲ್ಲಗೆ ಅಲುಗಿಸಿ, ಜೊತೆಗೆ ಏನೇನು ಅಲುಗುತ್ತದೆಂದು ನೋಡುತ್ತೇವೆ. 1971ರಲ್ಲಿ ಲಂಡನ್ನಿನಲ್ಲಿ ಮೊದಲ ರೋಗಿಗೆ ಸಿ.ಟಿ. ಸ್ಕ್ಯಾನ್ ಮಾಡಲಾಯಿತು. ಅಂದು ತಲೆಗಷ್ಟೇ ಮೀಸಲಾಗಿದ್ದ ಆ ಯಂತ್ರ ಮುಂದೆ ಬೆಳೆದು ಈ ಗೆರೆಗಳನ್ನು ಬದುಕಿರುವವರಲ್ಲೇ ಕಾಣಿಸಿತು. ಎಡಗಡೆ ಒಂದು ಬಗೆ, ಬಲಗಡೆ ಇನ್ನೊಂದು ಬಗೆ ಇರುವುದೂ ಉಂಟೆಂದು ಅದರಿಂದ ಸ್ಪಷ್ಟವಾಯಿತು.

ಚಿಕಿತ್ಸೆಯಲ್ಲಿ ರೂಪಕ್ಕಿಂತ ಉಸಿರು ಮೊದಲು. ರಕ್ತ, ಬಾವು, ಹಿಂದಕ್ಕೆ ಸರಿದ ದವಡೆ, ಇವೆಲ್ಲ ಶ್ವಾಸಮಾರ್ಗವನ್ನು ಮುಚ್ಚಬಲ್ಲವು. ಬುರುಡೆಯ ತಳವೂ ಬಿರಿದಿರಬಹುದಾದ ಕಾರಣ ಮೂಗಿನ ಮೂಲಕ ನಳಿಕೆ ತೂರಿಸಲು ಹಿಂಜರಿಯುತ್ತೇವೆ. ಎಲುಬು ಜೋಡಿಸುವಾಗ ನಮಗೆ ದಾರಿ ತೋರುವವು ಹಲ್ಲುಗಳೇ: ಮೇಲಿನ ಸಾಲು ಕೆಳಗಿನದರ ಮೇಲೆ ಮೊದಲಿನಂತೆ ಕೂತರೆ ದವಡೆ ತನ್ನ ಸ್ಥಾನಕ್ಕೆ ಬಂದಂತೆ. ಹಿಂದೆ ತಂತಿಯಿಂದ ಕಟ್ಟಿ ವಾರಗಟ್ಟಲೆ ಬಾಯಿ ಮುಚ್ಚಿಡುತ್ತಿದ್ದರು. 1970ರ ದಶಕದಿಂದ ಪುಟ್ಟ ಲೋಹದ ಪಟ್ಟಿಗಳೂ ತಿರುಪುಗಳೂ ಆ ಕಷ್ಟವನ್ನು ಬಹುಮಟ್ಟಿಗೆ ತಗ್ಗಿಸಿವೆ.

ಇನ್ನು ಸಂಕೇತಸಂಖ್ಯೆಯ ಮಾತು. ರೋಗಗಳ ಅಂತರರಾಷ್ಟ್ರೀಯ ವರ್ಗೀಕರಣದ ಮೂಲ, ಫ್ರಾನ್ಸಿನವರೇ ಆದ ಜಾಕ್ ಬರ್ತಿಯೋಂ 1893ರಲ್ಲಿ ಮಂಡಿಸಿದ ಮರಣಕಾರಣಗಳ ಪಟ್ಟಿ. ಅಮೆರಿಕದಲ್ಲಿ ಹಳೆಯ ಒಂಬತ್ತನೆಯ ಆವೃತ್ತಿ ಮೂರು ಬಗೆಗಳನ್ನೂ ಕೆನ್ನೆ, ಮೇಲ್ದವಡೆಗಳ ಇತರ ಮುರಿತಗಳೊಡನೆ ಒಂದೇ ಬುಟ್ಟಿಗೆ ಹಾಕುತ್ತಿತ್ತು. 2015ರ ಅಕ್ಟೋಬರ್ 1ರಿಂದ ಅವಕ್ಕೆ ಎಸ್02.411, ಎಸ್02.412, ಎಸ್02.413 ಎಂಬ ಪ್ರತ್ಯೇಕ ಸ್ಥಾನ ದೊರೆಯಿತು. ಇದು ಕೇವಲ ವಿಮೆಯ ಲೆಕ್ಕವಲ್ಲ. ಯಾವ ಅಪಘಾತದಿಂದ ಯಾವ ಮುರಿತ, ಯಾವ ಚಿಕಿತ್ಸೆಯಿಂದ ಎಷ್ಟು ಗುಣ ಎಂಬ ಅರಿವು ಇಂಥ ದಾಖಲೆಗಳಿಂದಲೇ ಕೂಡಿಬರುತ್ತದೆ. ತಪ್ಪು ಅಂಕಿ ಮುಂದಿನ ರೋಗಿಯ ದಾರಿಯನ್ನೂ ತಪ್ಪಿಸೀತು.

ಹೆಸರು ಉಳಿಯದ ಆ ಮೃತರ ಋಣ ನಮ್ಮ ಮೇಲಿದೆ. ಕಾರಿನಲ್ಲಿ ಬೆಲ್ಟು ಬಿಗಿಯುವುದು, ರಜೆಗೆಂದು ಊರಿಗೆ ಹೋದಾಗ ಮಕ್ಕಳನ್ನು ಸ್ಕೂಟರಿಗೆ ಹತ್ತಿಸುವ ಮುನ್ನ ಮುಖವನ್ನೂ ಮುಚ್ಚುವ ಹೆಲ್ಮೆಟ್ ತೊಡಿಸುವುದು, ಆ ಋಣ ತೀರಿಸಲು ನಮಗಿರುವ ಸುಲಭವಾದ ಹಾದಿ.