ಹಗೇವು, ಅಟ್ಟ, ಸೇದೋ ಬಾವಿ

ನಮ್ಮನೆ ಹಿತ್ತಲ ಸೇದೋ ಬಾವಿ ಮುಚ್ಚಿಸಬೇಕು ಅಂತ ಉಗಾದಿಯಿಂದ ಮನೆಯಾಗೆ ಮಾತು ನಡದೈತಿ. ಮಗ ಕಾರು ತಗೊಂಡಾನೆ, ನಿಲ್ಸಾಕೆ ಜಾಗ ಬೇಕು. ನಮ್ಮನೆಯವ್ರು "ಬೋರ್ ಐತಲ್ಲ, ಬಾವಿ ಯಾಕೆ" ಅಂತಾರೆ. ಅತ್ತೆಯವ್ರು ಮಾತ್ರ ಏನೂ ಹೇಳಲ್ಲ, ಬಾವಿಕಟ್ಟೆ ಮ್ಯಾಲೆ ಕೂತು ಹೂ ಕಟ್ತಾರೆ. ನಾನು ಯಾವ ಕಡೆ ಅಂತ ಹೇಳೋಕೆ ಮುಂಚೆ, ನಮ್ಮ ಸೀಮೆ ಮನೆಗಳು ಕಷ್ಟಕಾಲಕ್ಕೆ ಹೆಂಗೆ ತಯಾರಾಗಿರ್ತಿದ್ವು ಅನ್ನೋದನ್ನ ನಿಮ್ಮ ಮುಂದೆ ಇಡ್ತೀನಿ, ಅಕ್ಕ-ತಂಗ್ಯಾರೇ.

ನನ್ನ ತವರು ಜಗಳೂರು ಕಡೆ. ಮಳೆಗೆ ಮುಗಿಲು ನೋಡೋ ಸೀಮೆ. ಅಲ್ಲಿ ದೊಡ್ಡೋರ ಬಾಯಾಗೆ ಯಾವಾಗ್ಲೂ "ಧಾತು ಈಶ್ವರ ಬರ" ಇರ್ತಿತ್ತು. ಧಾತು ಸಂವತ್ಸರ, ಆಮೇಲೆ ಈಶ್ವರ ಸಂವತ್ಸರ, ಅಂದ್ರೆ 1876ರಿಂದ 78. ಮೈಸೂರು ಸೀಮೆಯಾಗೆ 1871ರ ಜನಗಣತಿಗೆ ಐವತ್ತು ಲಕ್ಷದ ಮ್ಯಾಲಿದ್ದ ಜನ, 1881ರ ಹೊತ್ತಿಗೆ ನಲವತ್ತೆರಡು ಲಕ್ಷಕ್ಕೂ ಕಮ್ಮಿ ಆಗಿದ್ರು. ಹುಟ್ಟಿದವ್ರನ್ನ ಲೆಕ್ಕಕ್ಕೆ ಹಿಡಿದ್ರೂ ಅಷ್ಟು ಮಂದಿ ಕಮ್ಮಿ. ನಮ್ಮ ಅಜ್ಜಿ ಆ ಬರ ಕಂಡೋರಲ್ಲ, ಅವರ ಅಜ್ಜಿ ಕಂಡಿದ್ದು. ಆದ್ರೂ ನಮ್ಮಜ್ಜಿ ತಟ್ಟೆಯಾಗೆ ಒಂದು ಅಗಳು ಬಿಡ್ಸ್ತಿರ್ಲಿಲ್ಲ.

ಆ ಸೀಮೆಯ ಉಳಿತಾಯ ಅಂದ್ರೆ ಹಗೇವು. ನೆಲದಾಗೆ ಬಾಯಿ ಸಣ್ಣದು, ಹೊಟ್ಟೆ ದೊಡ್ಡದು ಇರೋ ಗುಂಡಿ ತೋಡಿ, ಸುತ್ತ ಜೋಳದ ಸೊಪ್ಪೆ, ಹೊಟ್ಟು ಒತ್ತಿ, ಕಾಳು ತುಂಬಿ, ಮ್ಯಾಲೆ ಮಣ್ಣು ಮೆತ್ತಿ ಮುಚ್ಚೋರು. ಒಳಗೆ ಗಾಳಿ ಆಡದಿದ್ರೆ ಹುಳಾನೂ ಬದುಕಲ್ಲ, ಕಾಳು ವರ್ಷಗಟ್ಲೆ ಇರ್ತಿತ್ತು. ಹುಳ ಬದುಕದ ಜಾಗದಾಗೆ ಮನುಷ್ಯಾನೂ ಬದುಕಲ್ಲ ನೋಡ್ರಿ. ಹಗೇವು ತೆಗೆದ ತಕ್ಷಣ ಇಳಿದು ಉಸಿರುಕಟ್ಟಿ ಸತ್ತೋರು ಅದಾರೆ. ಅದಕ್ಕೆ ಬಾಯಿ ತೆಗೆದು ಬಿಟ್ಟು, ಆಮೇಲೆ ದೀಪ ಇಳಿಸಿ, ದೀಪ ಆರಲಿಲ್ಲ ಅಂದ್ರೇನೇ ಆಳು ಇಳೀತಿದ್ದ.

ಮದುವೆಯಾಗಿ ನಾನು ಹೊನ್ನಾಳಿ ಕಡೆ ಹೊಳೆದಂಡೆ ಊರಿಗೆ ಬಂದೆ. ಬಂದ ಹೊಸದ್ರಾಗೆ "ಇಲ್ಲಿ ಹಗೇವು ಎಲ್ಲಿ ಐತಿ ಅತ್ತೆ" ಅಂತ ಕೇಳಿ ನಗೆಗೀಡಾಗಿದ್ದೆ. "ಹೊಳೆ ಬಂದ್ರೆ ಹಗೇವು ಗಂಜಿ ಆಗ್ತೈತೆ ಕಣವ್ವ" ಅಂದ್ರು. ಇಲ್ಲಿ ಕಾಳೆಲ್ಲ ಅಟ್ಟದ ಮ್ಯಾಲೆ. ತವರಿನವ್ರು ನೆಲದೊಳಗೆ ಇಟ್ಟಿದ್ದನ್ನ ಇವರು ತಲೆ ಮ್ಯಾಲೆ ಇಟ್ಟಿದ್ರು. ಒಂದು ಕಷ್ಟಕ್ಕೆ ಮಾಡಿದ ಏರ್ಪಾಡು ಇನ್ನೊಂದು ಕಷ್ಟಕ್ಕೆ ಆಗಲ್ಲ ಅಂತ ನನಗೆ ಅವತ್ತೇ ತಿಳೀಬೇಕಿತ್ತು. ತಿಳಿಯೋಕೆ ಬಹಳ ವರ್ಷ ಹಿಡೀತು.

ನಮ್ಮ ಹೊಳೆದು ಒಂದು ವಿಚಿತ್ರ. ಊರಾಗೆ ಬಿಸಿಲಿದ್ರೂ ನೀರು ಏರ್ತೈತಿ. ಯಾಕಂದ್ರೆ ಮಳೆ ಬೀಳೋದು ಶೃಂಗೇರಿ, ತೀರ್ಥಹಳ್ಳಿ ಮಲೆನಾಡಿನಾಗೆ. ತುಂಗೆ, ಭದ್ರೆ ಕೂಡ್ಲಿಯಾಗೆ ಸೇರಿ ನಮ್ಮ ಕಡೆ ಬರ್ತಾವೆ. ಲಕ್ಕವಳ್ಳಿ ಭದ್ರಾ ಡ್ಯಾಮು ಹತ್ರತ್ರ 71 ಟಿಎಂಸಿ ಹಿಡೀತೈತಿ. ಗಾಜನೂರಿನ ತುಂಗಾ ಡ್ಯಾಮು ಮೂರು ಟಿಎಂಸಿ ಚಿಲ್ರೆ ಅಷ್ಟೆ. ಅದು ಹಂಡೆ, ಇದು ಚೊಂಬು. ಜೋರು ಮಳೆಗೆ ಚೊಂಬು ತುಂಬಿದ್ರೆ ಗೇಟು ಎತ್ತಲೇಬೇಕು, ಆ ನೀರು ಸೀದಾ ನಮ್ಮ ದಂಡೆಗೆ. ಹೊನ್ನಾಳಿ ಬಾಲರಾಜ ಘಾಟ್ ಕಡೆ ಮನೆಗಳಿಗೂ, ಕೆಳಗೆ ಹರಿಹರದ ಗಂಗಾನಗರಕ್ಕೂ ನೀರು ನುಗ್ಗೋ ಸುದ್ದಿ ಪೇಪರ್‌ನಾಗೆ ನೀವೂ ಓದಿರ್ತೀರಿ. ಅದಕ್ಕೇ ಮುಗಿಲು ನೋಡಬ್ಯಾಡ್ರಿ, ಗಾಜನೂರು ಸುದ್ದಿ ಕೇಳ್ರಿ.

2019ರ ಆಗಸ್ಟು, ಪಂಚಮಿ ಮುಗಿದು ಮೂರ್ನಾಲ್ಕು ದಿನ. ಅತ್ತೆಯವ್ರು ಹೊಳೆಕಡೆ ಹೋಗಿ ಬಂದೋರೇ "ನೀರು ಕೆಂಪಾಗೈತಿ, ಬೇರುಸಮೇತ ಗಿಡ ತೇಲಿ ಬರ್ತಾ ಐತಿ, ಹಂಡೆ ತುಂಬ್ಸ್ರಿ" ಅಂದ್ರು. ಹಂಡೆ, ಕೊಡಪಾನ, ಬಕೀಟು, ಕೊನೆಗೆ ಕುಕ್ಕರ್‌ಗೂ ಕುಡಿಯೋ ನೀರು ತುಂಬ್ಸಿದ್ರು. ನಾನು ಮನಸ್ಸಿನಾಗೆ ನಕ್ಕೆ. ಬೆಳಗಾಗೋದ್ರಾಗೆ ಹಿತ್ತಲ ತುಂಬ ನೀರು. ಟಿಸಿ ಸುತ್ತ ನೀರು ನಿಂತಿತ್ತು, ಲೈನು ತೆಗೆದ್ರು. ತೆಗೀಲೇಬೇಕು, ಇಲ್ಲಾಂದ್ರೆ ಜನ ಸಾಯ್ತಾರೆ. ನಾಲ್ಕು ದಿನ ಕರೆಂಟಿಲ್ಲ. ಬೋರ್ ಮೋಟ್ರು ಓಡ್ಲಿಲ್ಲ, ಎರಡನೇ ದಿನಕ್ಕೆ ಮ್ಯಾಲಿನ ಟ್ಯಾಂಕು ಖಾಲಿ. ಬಾವಿಯೊಳಗೆ ರಾಡಿ ನೀರು ಇಳಿದಿತ್ತು. ಏಳು ಜನ ಆ ಹಂಡೆ-ಕೊಡಪಾನದ ನೀರು ಅಳೆದು ಅಳೆದು ಕುಡಿದ್ವಿ. ಹೊಟ್ಟೆಗೆ ಪಂಚಮಿ ಉಂಡೆ, ಅಳ್ಳು, ಮಂಡಕ್ಕಿ, ಕಟಕ್ ರೊಟ್ಟಿ, ಶೇಂಗಾ ಚಟ್ನಿಪುಡಿ. ದನದ ಕಣ್ಣಿ ರಾತ್ರಿನೇ ಬಿಚ್ಚಿ ದಿಬ್ಬಕ್ಕೆ ಹೊಡೆದಿದ್ದು ನಮ್ಮ ಪುಣ್ಯ. ಪಕ್ಕದ ಓಣಿಯಾಗೆ ಕಟ್ಟಿದ ಎಮ್ಮೆ ಕಟ್ಟಿದಲ್ಲೇ ಹೋತು.

ಈಗ ನಮ್ಮನೆಯವ್ರು ಹಿಡಿಯೋದು ಇದನ್ನೇ. "ಅವತ್ತು ಬಾವಿ ಏನು ಉಪಯೋಗಕ್ಕೆ ಬಂತು?" ಮಾತು ಖರೆ. ನೀರು ಪೂರ್ತಿ ಎತ್ತಿ ಹಾಕಿ, ಬ್ಲೀಚಿಂಗ್ ಪೌಡರ್ ಹಾಕಿಸಿ, ಮತ್ತೆ ಊಟೆ ಬಂದು ತಿಳಿಯಾಗೋಕೆ ಹದಿನೈದು ದಿನ ಆತು. ಆಮೇಲೂ ಕುದಿಸೇ ಕುಡಿದ್ವಿ.

ಆದ್ರೆ 2023 ಮರೀಬಾರ್ದು. ಮಳೆ ಕೈ ಕೊಡ್ತು, ರಾಜ್ಯದ 236 ತಾಲ್ಲೂಕಿನಾಗೆ 223 ಬರಪೀಡಿತ ಅಂದ್ರು. ನಮ್ಮ ಕರೆಂಟಿನ ಕತೆಯೂ ಮಳೆದೇ. 1940ರ ದಶಕದ ಕೊನೆಗೆ ಜೋಗದಾಗೆ ಕರೆಂಟು ಹುಟ್ಟಿದಾಗಿಂದ ನಮ್ಮ ರಾಜ್ಯ ಶರಾವತಿ ನೀರು ನಂಬಿಕೊಂಡು ಬಂದೈತಿ. ಮಳೆ ಹೋದ್ರೆ ಕೆರೆ ನೀರೂ ಹೋಗ್ತೈತಿ, ಕರೆಂಟೂ ಹೋಗ್ತೈತಿ. ಆ ಅಕ್ಟೋಬರ್‌ನಾಗೆ ಪಂಪ್‌ಸೆಟ್ಟಿಗೆ ಏಳು ತಾಸಿನ ತ್ರೀಫೇಸ್ ಐದು ತಾಸಿಗೆ ಇಳೀತು. ನಮ್ಮ ಬೋರು ಕರೆಂಟಿದ್ದಾಗ ಗಾಳಿ ಉಗುಳ್ತಿತ್ತು, ನೀರಿದ್ದಾಗ ಕರೆಂಟು ಇರ್ತಿರ್ಲಿಲ್ಲ. ಅವಾಗ ಈ ಬಾವಿ ತಳದಾಗೆ ನಾಲ್ಕು ಕೊಡ ನೀರು ಇರ್ತಿತ್ತು. ಬೆಳಿಗ್ಗೆ ಎರಡು, ಸಂಜೆ ಎರಡು. ಕುಡಿಯೋಕೆ, ಅಡಿಗೆಗೆ ಸಾಕಾತು. ಒಂದ್ಸಲ ಕೊಡ ಬಿದ್ದಾಗ ಅಟ್ಟದ ಮ್ಯಾಲಿನ ಪಾತಾಳಗರಡಿ ಇಳಿಸಿ ತೆಗೆದ್ವಿ. ಅದೂ ಗುಜರಿಗೆ ಹೋಗೋದ್ರಾಗಿತ್ತು!

ಹಿಂದಿನೋರು ನಮಗಿಂತ ಜಾಣ್ರು ಅಂತ ನಾನು ಹೇಳಲ್ಲ. ಹಂಗಿದ್ರೆ ಧಾತು ಈಶ್ವರದಾಗೆ ಅಷ್ಟು ಜನ ಸಾಯ್ತಿರ್ಲಿಲ್ಲ. ಆದ್ರೆ ಅವ್ರು ಒಂದನ್ನೇ ನಂಬಿ ಕೂರ್ತಿರ್ಲಿಲ್ಲ. ನಾವು ನೀರು, ಬೆಳಕು, ರುಬ್ಬೋದು, ಫೋನು ಎಲ್ಲಾನೂ ಒಂದೇ ತಂತಿಗೆ ಕಟ್ಟಿಬಿಟ್ಟೀವಿ.

ಅದಕ್ಕೆ ನಮ್ಮನೆಯಾಗೆ ಈಗ ಎಲ್ಲಾದಕ್ಕೂ ಜೋಡಿ ಇಟ್ಟೀನಿ. ಬೋರಿಗೆ ಬಾವಿ ಜೋಡಿ. ಬಾವಿ ಕೆಟ್ರೆ ಅಂತ ಮಳೆಗಾಲ ಪೂರ್ತಿ ಮುಚ್ಚಳದ ಡ್ರಮ್ಮಿನಾಗೆ ಕುಡಿಯೋ ನೀರು, ತಲೆಗೆ ದಿನಕ್ಕೆ ನಾಲ್ಕು ಲೀಟರು, ಮೂರು ದಿನದ ಲೆಕ್ಕ, ವಾರಕ್ಕೊಮ್ಮೆ ಬದಲಾಯಿಸೋದು. ಗ್ಯಾಸಿಗೆ ಹಿತ್ತಲ ಒಲೆ, ಕುಳ್ಳು-ಸೌದೆ ಅಟ್ಟದಾಗೆ. ರೇಷನ್ ಸೀಮೆಎಣ್ಣೆ ಹೋತು, ಲಾಟೀನು ಬರೀ ನೆನಪಿಗೆ. ಅದರ ಬದ್ಲು ಚಾರ್ಜಿಂಗ್ ದೀಪ, ಜೊತೆಗೆ ಮೇಣದಬತ್ತಿ. ಆಧಾರು, ಪಹಣಿ, ಪಾಸ್‌ಬುಕ್ಕು, ಅತ್ತೆಯವ್ರ ಬಿಪಿ ಗುಳಿಗೆ ಒಂದು ಪ್ಲಾಸ್ಟಿಕ್ ಡಬ್ಬಿಯಾಗೆ, ಎದ್ದು ಹೋಗೋವಾಗ ಕೈಗೆ ಸಿಗೋ ಹಂಗೆ.

ಬಾವಿ ವಿಚಾರ ಮೊನ್ನೆ ಸೋಮವಾರ ತೀರ್ಮಾನ ಆತು. ನಾನು ಇದನ್ನೇ ಮಗನ ಮುಂದೆ ಹೇಳಿದೆ. ಅವ್ನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಕಾರು ಮುಂದಿನ ಬೇವಿನ ಮರದ ಕೆಳಗೆ ನಿಲ್ಲಲಿ ಬಿಡವ್ವ" ಅಂದ. ಬಾವಿ ಕಟ್ಟೆ ಎರಡಡಿ ಎತ್ತರಿಸಿ, ಮ್ಯಾಲೆ ಕಬ್ಬಿಣದ ಜಾಲರಿ ಹಾಕಿಸ್ತೀವಿ. ಹೂಳು ತೆಗೆಯೋರಿಗೆ ಹೇಳಿ ಕಳ್ಸೀವಿ. ಅತ್ತೆಯವ್ರು ಆವಾಗ್ಲೂ ಏನೂ ಅನ್ನಲಿಲ್ಲ. ಹಗ್ಗ ಹಳೇದಾಗೈತಿ, ಹೊನ್ನಾಳಿ ಸಂತೆಯಾಗೆ ಹೊಸದು ತಗೊಂಡು ಬಾ ಅಂದ್ರು.

ನಿಮ್ಮನೆಯಾಗೆ ಏನೇನಕ್ಕೆ ಜೋಡಿ ಐತಿ, ಯಾವುದು ಒಂಟಿ ಐತಿ, ಪುಷ್ಯ ಮಳೆ ಹಿಡಿಯೋಕೆ ಮುಂಚೆ ಒಂದ್ಸಲ ಎಣಿಸಿ ನೋಡ್ರಿ.