ಮಗನ ಓದು, ತಾಯಿಯ ರುಜು

1983ರಲ್ಲಿ ನಾನು ಮಂಗಳೂರಿನ ಬ್ಯಾಂಕ್ ಶಾಖೆಯೊಂದಕ್ಕೆ ಸೇರಿದಾಗ ಸಾಲ ಕೇಳಿ ಬರುತ್ತಿದ್ದವರು ಅಡಿಕೆ ತೋಟದವರು, ದೋಣಿಯವರು, ಮದುವೆ ಖರ್ಚಿಗೆ ಚಿನ್ನ ಅಡವಿಡುವವರು. ಮಕ್ಕಳ ಓದಿಗೆ ಸಾಲ ಕೇಳುವವರು ತೀರಾ ಅಪರೂಪ. ಇಪ್ಪತ್ತು ವರ್ಷದ ಬಳಿಕ, 2003ರ ಮಳೆಗಾಲದಲ್ಲಿ, ಒಬ್ಬ ತಾಯಿ ನನ್ನ ಮೇಜಿನೆದುರು ಕುಳಿತರು. ಬೀಡಿ ಕಟ್ಟುವವರು, ಬೀಡಿ ಕಂಪನಿಯ ಬ್ರಾಂಚಿಗೆ ಬೀಡಿ ಕೊಟ್ಟು ನೇರ ನಮ್ಮಲ್ಲಿಗೆ ಬಂದಿದ್ದರು. ಮಗನಿಗೆ ಸಿಇಟಿಯಲ್ಲಿ ಕಂಪ್ಯೂಟರ್ ಸೈನ್ಸ್ ಸೀಟು ಸಿಕ್ಕಿತ್ತು. ನಾಲ್ಕು ವರ್ಷಕ್ಕೆ ಎರಡು ಲಕ್ಷ ಬೇಕಿತ್ತು. ರುಜು ಹಾಕುವ ಮುನ್ನ ಅವರು ತುಳುವಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ: "ಕಂತು ಏಪ ಸುರು ಆಪುಂಡು ಮೇಡಂ?" ಕಂತು ಯಾವಾಗ ಶುರುವಾಗುತ್ತದೆ ಎಂದು.

ಆ ಪ್ರಶ್ನೆಯ ಹಿಂದೆ ಈ ಊರಿನ ನೂರು ವರ್ಷದ ಅನುಭವವಿದೆ. ಇಲ್ಲಿ ಶಾಲೆ ಮೊದಲು ಬಂತು, ಬ್ಯಾಂಕು ಆಮೇಲೆ. ವಕೀಲ ಅಮ್ಮೆಂಬಳ ಸುಬ್ಬರಾವ್ ಪೈಗಳು 1891ರಲ್ಲಿ ಕೆನರಾ ಹೈಸ್ಕೂಲನ್ನೂ 1894ರಲ್ಲಿ ಹೆಣ್ಣುಮಕ್ಕಳ ಶಾಲೆಯನ್ನೂ ಕಟ್ಟಿದರು. ಅವರ ಕೆನರಾ ಹಿಂದೂ ಪರ್ಮನೆಂಟ್ ಫಂಡ್, ಮುಂದೆ ಕೆನರಾ ಬ್ಯಾಂಕ್ ಆದದ್ದು, ಶುರುವಾದದ್ದು 1906ರಲ್ಲಿ. ಉಡುಪಿಯಲ್ಲಿ 1925ರಲ್ಲಿ ನೇಕಾರರ ಕಷ್ಟ ನೋಡಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಪಿಗ್ಮಿ ಠೇವಣಿ ತಂದಿತು. ಏಜೆಂಟರು ದಿನಾ ಮನೆಬಾಗಿಲಿಗೆ ಬಂದು ಎರಡಾಣೆ ಒಯ್ಯುತ್ತಿದ್ದರು. ದಿನದ ದುಡಿಮೆಯಿಂದ ಎಷ್ಟು ತೆಗೆದರೆ ಒಲೆ ಆರುವುದಿಲ್ಲ ಎಂಬ ಲೆಕ್ಕ ಆ ಎರಡಾಣೆಯಲ್ಲಿತ್ತು. ಬ್ಯಾಂಕಿಂಗ್ ಎಂದರೆ ಏನೆಂದು ನಾನು ಕಲಿತದ್ದು ಅಲ್ಲಿಂದ.

ಆ ಕಾಲದಲ್ಲಿ ಬಡ ಹುಡುಗರು ಸಾಲ ಮಾಡಿ ಓದಲಿಲ್ಲ, ದುಡಿಯುತ್ತಾ ಓದಿದರು. ಬೊಂಬಾಯಿಯ ಹೋಟೆಲುಗಳಲ್ಲಿ ಹಗಲೆಲ್ಲ ಲೋಟ ತೊಳೆದು ಫೋರ್ಟ್ ಭಾಗದ ಕನ್ನಡ ರಾತ್ರಿಶಾಲೆಗಳಲ್ಲಿ ಮೆಟ್ರಿಕ್ ಮುಗಿಸಿದವರು ನನ್ನ ತಂದೆಯ ತಲೆಮಾರಿನಲ್ಲಿ ಬೇಕಾದಷ್ಟು. 1960ರಲ್ಲಿ ಸುರತ್ಕಲ್ಲಿನ ಕಡಲ ಬದಿಯಲ್ಲಿ ಕೆಆರ್‌ಇಸಿ ಇಂಜಿನಿಯರಿಂಗ್ ಕಾಲೇಜು ಶುರುವಾದಾಗ ಓದಿನ ಖರ್ಚಿನ ದೊಡ್ಡ ಪಾಲನ್ನು ಸರ್ಕಾರ ಹೊತ್ತಿತು. ಆದರೆ ಸೀಟು ಕೆಲವೇ, ಕೇಳುವವರು ಸಾವಿರ. ಆ ಹಸಿವಿನಿಂದಲೇ ಖಾಸಗಿ ಕಾಲೇಜುಗಳು ಬೆಳೆದವು, ಜೊತೆಗೆ ಸೀಟಿಗೆ ಹಣ ಕೀಳುವ ಕ್ಯಾಪಿಟೇಶನ್ ಕೂಡ. ಅದನ್ನು ನಿಷೇಧಿಸಿ ರಾಜ್ಯ 1984ರಲ್ಲಿ ಕಾನೂನು ಮಾಡಿತು. 1992ರಲ್ಲಿ ಮೋಹಿನಿ ಜೈನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೂಡ ಕ್ಯಾಪಿಟೇಶನ್ ವಿರುದ್ಧ ತೀರ್ಪಿತ್ತಿತು. 1994ರಲ್ಲಿ ಸಿಇಟಿ ಬಂತು. ಮರುವರ್ಷ ಇನ್ಫೋಸಿಸ್ ಮಂಗಳೂರಿನಲ್ಲಿ ಕಚೇರಿ ತೆರೆಯಿತು. ಕೊಟ್ಟಾರದ ಬಸ್‌ಸ್ಟಾಪಿನಲ್ಲಿ ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡು ನಿಂತ ಹುಡುಗರನ್ನು ನೋಡಿ ಎಷ್ಟೋ ಮನೆಗಳು ಆಸೆ ಕಟ್ಟಿಕೊಂಡವು.

ಆ ಆಸೆಗೆ ದುಡ್ಡು ಒದಗಿಸುವ ದಾರಿಯೂ ಇಲ್ಲಿಯದೇ ಬ್ಯಾಂಕಿನ ಮೂಲಕ ಬಂತು. ಕೆನರಾ ಬ್ಯಾಂಕಿನ ಅಂದಿನ ಅಧ್ಯಕ್ಷ ಆರ್.ಜೆ. ಕಾಮತರ ನೇತೃತ್ವದ ಅಧ್ಯಯನ ತಂಡದ ವರದಿಯಿಂದ 2001ರ ಮಾದರಿ ಶಿಕ್ಷಣ ಸಾಲ ಯೋಜನೆ ರೂಪುಗೊಂಡಿತು. ನಾಲ್ಕು ಲಕ್ಷದವರೆಗೆ ಅಡಮಾನ ಬೇಡ, ಓದುವಷ್ಟು ಕಾಲ ಕಂತು ಬೇಡ. ಆಸ್ತಿಯಿಲ್ಲದ ಮನೆಯ ಮಗುವನ್ನು ಬ್ಯಾಂಕು ಅದರ ಮುಂದಿನ ಸಂಬಳದ ಮೇಲೆ ನಂಬಿತು. ಆ ಸುತ್ತೋಲೆ ಓದಿದ ದಿನ ನನಗಾದ ಸಂತೋಷ ಈಗಲೂ ನೆನಪಿದೆ.

ಬೀಡಿಯಮ್ಮನ ಮಗ 2007ರಲ್ಲಿ ಕೆಲಸಕ್ಕೆ ಸೇರಿದ. ಕೈಗೆ ಬರುತ್ತಿದ್ದುದು ತಿಂಗಳಿಗೆ 18 ಸಾವಿರ; ಕಂತು ಐದು ಸಾವಿರದ ಆಸುಪಾಸು. ಮೊದಲ ಕಂತು ಕಟ್ಟಲು ತಾಯಿಯೂ ಜೊತೆಗೆ ಬಂದಿದ್ದರು. ಏಳು ವರ್ಷದ ಸಾಲವನ್ನು ಅವನು ಐದರಲ್ಲಿ ತೀರಿಸಿದ.

ಈಗ ನಾನು ನಿವೃತ್ತಳು. ಕಳೆದ ವರ್ಷ ಪಕ್ಕದ ಮನೆಯಾಕೆ ಮಗಳ ಕಾಗದಪತ್ರ ತಂದು, "ಅಕ್ಕಾ, ಒಮ್ಮೆ ನೋಡಿ ಕೊಡಿ" ಎಂದರು. ಅದೇ ಕಂಪ್ಯೂಟರ್ ಸೈನ್ಸ್, ವರ್ಷಕ್ಕೆ ಎರಡು ಲಕ್ಷ, ಒಟ್ಟು ಎಂಟು. ಈಗಿನ ಮಿತಿಯಾದ ಏಳೂವರೆ ಲಕ್ಷ ದಾಟಿದ್ದರಿಂದ ಅಡಮಾನ ಬೇಕು. ಅಜ್ಜನಿಗೆ ಭೂಸುಧಾರಣೆಯ ಡಿಕ್ಲರೇಶನ್‌ನಲ್ಲಿ ಬಂದ 40 ಸೆಂಟ್ಸ್ ಜಾಗದ ಆರ್‌ಟಿಸಿ ತಂದಿದ್ದರು. ನಾನು ಕ್ಯಾಲೆಂಡರಿನ ಹಿಂದೆ ಲೆಕ್ಕ ಬರೆದೆ. ಶೇ. 10ರ ಬಡ್ಡಿಯಲ್ಲಿ, ಓದಿನ ನಾಲ್ಕು ವರ್ಷ ಮತ್ತು ಮೇಲಿನ ಒಂದು ವರ್ಷಕ್ಕೆ ಸರಳಬಡ್ಡಿಯೇ 2.8 ಲಕ್ಷ. ಕಂತು ಶುರುವಾಗುವ ಹೊತ್ತಿಗೆ ಸಾಲ 10.8 ಲಕ್ಷ. ಹತ್ತು ವರ್ಷದಲ್ಲಿ ತೀರಿಸಲು ತಿಂಗಳಿಗೆ 14,272 ರೂಪಾಯಿ. ಒಟ್ಟು ಕಟ್ಟುವುದು 17 ಲಕ್ಷಕ್ಕೂ ಮೇಲೆ. ದೊಡ್ಡ ಸಾಫ್ಟ್‌ವೇರ್ ಕಂಪನಿಗಳು ಹೊಸಬರಿಗೆ ಕೊಡುವ ಸಂಬಳ ಹತ್ತು ಹದಿನೈದು ವರ್ಷದಿಂದ ವರ್ಷಕ್ಕೆ ಮೂರೂವರೆ ಲಕ್ಷದ ಸುತ್ತಲೇ ನಿಂತಿದೆ. ಕೈಗೆ ಬರುವುದು 25 ಸಾವಿರ ಎನ್ನಿ. ಅರ್ಧಕ್ಕಿಂತ ಹೆಚ್ಚು ಕಂತಿಗೇ ಹೋದರೆ ಬೆಂಗಳೂರಿನಲ್ಲಿ ಪಿಜಿಗೆ, ಊಟಕ್ಕೆ ಏನು ಉಳಿಯುತ್ತದೆ?

ಇದೇ ಓದಿನಿಂದ ಆರೇಳು ವರ್ಷದಲ್ಲಿ ಸಂಬಳ ಮೂರು ಪಟ್ಟಾದವರನ್ನೂ ನಾನು ಬಲ್ಲೆ. ಆದರೆ ಕಂತು ಅಷ್ಟು ದಿನ ಕಾಯುವುದಿಲ್ಲ. ಕಾಲೇಜಿನ ಬ್ಯಾನರಿನಲ್ಲಿ ದಪ್ಪ ಅಕ್ಷರದಲ್ಲಿರುವುದು ಒಬ್ಬ ಹುಡುಗನ ಪ್ಯಾಕೇಜು. ಜಾಗ ಅಡವಿಡುವ ಮನೆಗೆ ಬೇಕಾದದ್ದು ತರಗತಿಯ ನಡುವಿನ ಬೆಂಚಿನವರ ಮೊದಲ ಸಂಬಳ.

ಕಾಲೇಜಿಗೆ ಹೋಗಿ ಅದನ್ನೇ ಕೇಳಿ ಎಂದು ಪಕ್ಕದ ಮನೆಯಾಕೆಗೆ ಹೇಳಿದೆ. 4.5 ಲಕ್ಷದೊಳಗಿನ ಆದಾಯದವರಿಗೆ ಓದಿನ ಕಾಲದ ಬಡ್ಡಿಯನ್ನು ಭರಿಸಲೆಂದು ಕೇಂದ್ರ ಸರ್ಕಾರ 2009ರಲ್ಲಿ ತಂದ ಸಹಾಯಧನ ನಿಮಗೆ ಸಿಗುತ್ತದೆಯೇ ಎಂದು ಬ್ಯಾಂಕಿನಲ್ಲಿ ವಿಚಾರಿಸಿ ಎಂದೆ. ಕೈಲಾದರೆ ಓದುವಾಗಲೇ ತಿಂಗಳ ಬಡ್ಡಿಯನ್ನಷ್ಟು ಕಟ್ಟುತ್ತಾ ಬನ್ನಿ ಎಂದೂ ಹೇಳಿದೆ. ಆಕೆ ಸುಮ್ಮನೆ ಕೇಳಿ, ಕ್ಯಾಲೆಂಡರಿನ ಆ ಹಾಳೆ ಹರಿದು ಆರ್‌ಟಿಸಿಯ ಜೊತೆ ಮಡಚಿಟ್ಟುಕೊಂಡರು. ಮರುದಿನ ಬೆಳಿಗ್ಗೆ ತಾಯಿ ಮಗಳು ಇಬ್ಬರೂ ಕಾಲೇಜಿನ ಬಸ್ಸಿಗೆ ಕಾಯುತ್ತಿದ್ದರು. ಹಾಳೆ ಮಗಳ ಕೈಯಲ್ಲಿತ್ತು.